ವಾಸನೆಯಿಲ್ಲದ ಗ್ಯಾಸ್: ಸೋರಿಕೆ ಹುಡುಕಿದ ಕಥೆ

ಕಾರಿನ ಎಸಿ ತಂಪು ಕೊಡದಿದ್ದರೆ ‘ಗ್ಯಾಸ್ ಖಾಲಿ, ತುಂಬಿಸಿ’ ಎನ್ನುತ್ತೇವೆ. ಆದರೆ ಈ ಗ್ಯಾಸ್ ಪೆಟ್ರೋಲಿನಂತೆ ಉರಿದು ಮುಗಿಯುವುದಿಲ್ಲ. ಮುಚ್ಚಿದ ಪೈಪುಗಳಲ್ಲೇ ಸುತ್ತುತ್ತಿರುತ್ತದೆ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಆ ಜಾಗ ಹುಡುಕುವುದು ಹಿಂದಿನಿಂದಲೂ ಸವಾಲು.

ಹಳೇ ಫ್ರಿಜ್‌ಗಳಲ್ಲಿದ್ದ ಅಮೋನಿಯಾ, ಸಲ್ಫರ್ ಡೈಆಕ್ಸೈಡ್ ವಿಷಕಾರಿ. ಆದರೆ ಸೋರಿದರೆ ಮೂಗಿಗೇ ತಿಳಿಯುತ್ತಿತ್ತು. 1928ರಲ್ಲಿ ಅಮೆರಿಕದ ಥಾಮಸ್ ಮಿಜ್ಲಿ ತಂಡ ಇದಕ್ಕೆ ಬದಲಿ ಹುಡುಕಿತು. ಅದರಿಂದ ಬಂದ ಆರ್-12ಕ್ಕೆ ಬೆಂಕಿ ಹತ್ತದು, ವಾಸನೆಯೂ ಇಲ್ಲವೆನ್ನುವಷ್ಟು ಕಡಿಮೆ. ಮುಂದೆ ಕಾರುಗಳ ಎಸಿಗೂ ಅದೇ ಬಂತು.

ಮೂಗು ಸೋತಲ್ಲಿ ಕಣ್ಣು ನೆರವಾಯಿತು. ಮೆಕ್ಯಾನಿಕ್‌ಗಳು ಜ್ವಾಲೆಯಲ್ಲಿ ತಾಮ್ರದ ತಟ್ಟೆ ಕಾಯಿಸಿ, ಗಾಳಿ ಎಳೆಯುವ ಕೊಳವೆಯನ್ನು ಪೈಪಿನ ಜಾಯಿಂಟ್‌ಗಳ ಹತ್ತಿರ ಹಿಡಿಯುತ್ತಿದ್ದರು. ಸೋರಿದ ಗ್ಯಾಸಿನಲ್ಲಿದ್ದ ಕ್ಲೋರಿನ್‌ನಿಂದ ಜ್ವಾಲೆ ಹಸಿರಾಗುತ್ತಿತ್ತು.

ಅದೇ ಕ್ಲೋರಿನ್ ಓಝೋನ್ ಪದರವನ್ನು ಹಾಳುಮಾಡುತ್ತದೆ ಎಂದು 1974ರಲ್ಲಿ ಮೊಲಿನಾ ಮತ್ತು ರೋಲ್ಯಾಂಡ್ ಎಚ್ಚರಿಸಿದರು. 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. 1990ರ ದಶಕದಲ್ಲಿ ಕಾರುಗಳಿಗೆ ಬಂದ ಆರ್-134ಎಯಲ್ಲಿ ಕ್ಲೋರಿನ್ ಇಲ್ಲ. ಹಾಗಾಗಿ ಹಳೇ ಜ್ವಾಲೆ ಅದನ್ನು ಗುರುತಿಸಲಾರದು. ಎಲೆಕ್ಟ್ರಾನಿಕ್ ಯಂತ್ರ, ನೇರಳಾತೀತ ಬೆಳಕಿನಲ್ಲಿ ಹೊಳೆಯುವ ಬಣ್ಣ ಆ ಕೆಲಸಕ್ಕೆ ಬಂದವು.

ಈ ಗ್ಯಾಸ್ ಓಝೋನ್ ತಿನ್ನುವುದಿಲ್ಲ, ನಿಜ. ಆದರೆ ಭೂಮಿಯನ್ನು ಬಿಸಿಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಸಾವಿರ ಪಟ್ಟಿಗೂ ಹೆಚ್ಚು ಪ್ರಬಲ. ಸೋರಿಕೆ ಮುಚ್ಚದೆ ಪ್ರತಿ ಬೇಸಿಗೆಗೂ ತುಂಬಿಸಿದರೆ ದುಡ್ಡೂ ಗಾಳಿಪಾಲು, ಗ್ಯಾಸೂ ಗಾಳಿಪಾಲು.

ಗ್ಯಾಸಿನ ಜೊತೆ ಕಂಪ್ರೆಸರ್ ಆಯಿಲ್ ಕೂಡ ಹೊರಬರುತ್ತದೆ. ಜಾಯಿಂಟ್‌ನಲ್ಲಿ ಧೂಳು ಮೆತ್ತಿದ ಎಣ್ಣೆ ಕಲೆ ಕಂಡರೆ ಅಲ್ಲೇ ಅನುಮಾನಿಸಿ. ಗ್ಯಾಸ್ ತುಂಬಿಸುವ ಮೊದಲು ಮೆಕ್ಯಾನಿಕ್‌ಗೆ ಕೇಳಿ: ‘ಎಲ್ಲಿ ಸೋರುತ್ತಿದೆ?’