ಮಗಳ ಹೆಸರಿಲ್ಲದ ವಂಶವೃಕ್ಷ



ಒಂದು ಜುಮಾದ ದಿನ ನಮಾಜ್ ಮುಗಿದ ಮೇಲೆ ಜೋರಾಪುರ ಪೇಟೆಯ ಯುವಕನೊಬ್ಬ ನಮ್ಮ ಮುಂದೆ ಒಂದು ಹಾಳೆ ಇಟ್ಟ. ಅಜ್ಜ ಕಟ್ಟಿಸಿದ ಮನೆಯ ಉತಾರ ಇನ್ನೂ ಅಜ್ಜನ ಹೆಸರಿನಲ್ಲೇ ಇದೆ, ವಾರಸಾ ದಾಖಲಿಸಲು ವಂಶವೃಕ್ಷ ಬೇಕು, ಬರೆದದ್ದು ಸರಿಯಿದೆಯೇ ನೋಡಿ ಎಂದ. ಅಜ್ಜನ ಕೆಳಗೆ ಇಬ್ಬರು ಗಂಡುಮಕ್ಕಳು, ಅವರ ಕೆಳಗೆ ಐವರು ಮೊಮ್ಮಕ್ಕಳು. ಎಲ್ಲರೂ ಗಂಡಸರೇ. “ನಿನಗೆ ಫೂಫಿ ಯಾರೂ ಇಲ್ಲವೇ?” ಎಂದು ಕೇಳಿದೆವು. “ಇಬ್ಬರು. ಒಬ್ಬರನ್ನು ತಿಕೋಟಾಕ್ಕೆ ಕೊಟ್ಟಿದ್ದಾರೆ. ಇನ್ನೊಬ್ಬರನ್ನು ಸೋಲಾಪುರ ಕಡೆ ಕೊಟ್ಟಿದ್ದರು, ಈಗಿಲ್ಲ. ಲಗ್ನವಾಗಿ ಹೋದವರಲ್ಲವೇ?” ಎಂದ. ಅವನ ಮಾತಿನಲ್ಲಿ ಕಪಟವಿರಲಿಲ್ಲ. ಮನೆಯಲ್ಲಿ ಕೇಳಿ ಬೆಳೆದದ್ದನ್ನೇ ಬರೆದಿದ್ದ. ಸೋಲಾಪುರದ ಫೂಫಿಯ ಪೂರ್ಣ ಹೆಸರೂ ಅವನಿಗೆ ಗೊತ್ತಿರಲಿಲ್ಲ.

ಮಸೀದಿಯ ಹಳೆಯ ನಿಕಾಹ್ ದಫ್ತರ ತೆಗೆಸಿದೆವು. ಬೇಕಾದ ವರ್ಷಗಳ ಪುಟಗಳನ್ನು ಗೆದ್ದಲು ತಿಂದಿತ್ತು. ತಪ್ಪು ಆ ಯುವಕನದಷ್ಟೇ ಅಲ್ಲ, ದಫ್ತರ ಕಾಯಬೇಕಾದ ನಮ್ಮದೂ ಹೌದು. ಮನೆತನದ ಹೆಸರುಗಳು ಹೇಗೆ ಉಳಿಯುತ್ತವೆ, ಹೇಗೆ ಅಳಿಯುತ್ತವೆ ಎಂಬುದನ್ನು ಈ ಸಲ ಓದುಗರ ಜೊತೆ ಯೋಚಿಸಬೇಕೆನಿಸಿದ್ದು ಅದಕ್ಕಾಗಿ.

ನಸಬ್, ಅಂದರೆ ವಂಶದ ಅರಿವು, ನಮ್ಮಲ್ಲಿ ಹಳೆಯ ವಿದ್ಯೆ. ಹಝ್ರತ್ ಅಬೂಬಕರ್(ರ) ಅರಬರ ವಂಶಾವಳಿ ಬಲ್ಲವರೆಂದು ಹೆಸರಾಗಿದ್ದರು. ಬಂಧುತ್ವ ಕಾಪಾಡಿಕೊಳ್ಳಲು ಬೇಕಾಗುವಷ್ಟು ವಂಶವನ್ನು ಕಲಿತಿರಬೇಕೆಂಬ ಪ್ರವಾದಿ(ಸ)ರ ಉಪದೇಶ ತಿರ್ಮಿದಿಯಲ್ಲಿದೆ. ಕಲಿಕೆಯ ಉದ್ದೇಶ ದೊಡ್ಡಸ್ತಿಕೆಯಲ್ಲ, ಬಂಧುತ್ವ.

ಹಿಜರಿ 20ರ ಸುಮಾರಿಗೆ ಹಝ್ರತ್ ಉಮರ್(ರ) ದೀವಾನ್ ಎಂಬ ದಫ್ತರ ಮಾಡಿಸಿದರು. ಬೈತುಲ್ ಮಾಲ್‌ನಿಂದ ಯಾರಿಗೆ ಎಷ್ಟು ಸಲ್ಲಬೇಕೆಂದು ಬರೆದಿಡುವ ಪಟ್ಟಿ ಅದು. ಅದನ್ನು ಬರೆಯಲು ಕರೆಸಿದ್ದು ವಂಶಾವಳಿ ಬಲ್ಲ ಮೂವರನ್ನು: ಅಕೀಲ್ ಬಿನ್ ಅಬೀತಾಲಿಬ್, ಮಖ್ರಮಾ ಬಿನ್ ನೌಫಲ್, ಜುಬೈರ್ ಬಿನ್ ಮುತ್‌ಇಮ್. ಖಲೀಫರು ತಮ್ಮ ಮನೆತನವನ್ನು ಮೊದಲು ಬರೆಸಿಕೊಳ್ಳಲಿಲ್ಲ. ಪ್ರವಾದಿ(ಸ)ರ ಬಂಧುಗಳಿಂದ ಆರಂಭಿಸಿ, ತಮ್ಮ ಸರದಿ ಎಲ್ಲಿ ಬರುತ್ತದೋ ಅಲ್ಲಿಯೇ ಇರಲಿ ಎಂದರು. ಆ ದಫ್ತರದಲ್ಲಿ ಹೆಣ್ಣುಮಕ್ಕಳಿಗೂ ಸ್ಥಾನವಿತ್ತು, ಮುಂದೆ ಹುಟ್ಟಿದ ಕೂಸಿಗೂ ಪಾಲು ಸಿಕ್ಕಿತು. ಹೆಸರು ಬರೆಯುವುದೆಂದರೆ ಹಕ್ಕು ಬರೆಯುವುದೆಂದು ಅವರಿಗೆ ತಿಳಿದಿತ್ತು. ಮೂರನೆಯ ಹಿಜರಿ ಶತಮಾನದ ಇಬ್ನ್ ಸಅದ್ ಕೂಡ ತಮ್ಮ ತಬಕಾತ್ ಗ್ರಂಥದ ಕೊನೆಯ ಭಾಗವನ್ನು ಮಹಿಳೆಯರಿಗಾಗಿಯೇ ಮೀಸಲಿಟ್ಟರು.

ಇನ್ನು ನಮ್ಮೂರಿಗೆ ಬರೋಣ. ಗೋಲಗುಮ್ಮಟದ ದಕ್ಷಿಣ ಬಾಗಿಲ ಮೇಲಿನ ಫಾರ್ಸಿ ಬರಹದ ಅಕ್ಷರಗಳನ್ನು ಲೆಕ್ಕ ಹಾಕಿದರೆ ಮುಹಮ್ಮದ್ ಆದಿಲ್‌ಶಾಹ ತೀರಿಕೊಂಡ ಹಿಜರಿ 1067 ಸಿಗುತ್ತದೆ. ಅರಸನ ಹೆಸರನ್ನು ಕಲ್ಲು ಕಾಯುತ್ತಿದೆ. ಆ ಕಲ್ಲು ಹೊತ್ತ ಗೌಂಡಿಗಳ ಹೆಸರು ಯಾರ ಬಳಿ ಇದೆ? ಸೂಫಿ ಮನೆತನಗಳಲ್ಲಿ ಶಜರಾ ಇರುತ್ತದೆ, ಇನಾಮು ಪಡೆದವರಲ್ಲಿ ಫರ್ಮಾನು ಇರುತ್ತದೆ. ನದಾಫ, ಬಾಗವಾನ, ಅತ್ತಾರ, ತಾಂಬೋಳಿ, ಲೋಹಾರ ಎಂಬ ಅಡ್ಡಹೆಸರುಗಳು ನಮ್ಮ ಹಿರಿಯರ ಕಸುಬನ್ನು ಉಳಿಸಿಕೊಂಡಿವೆ, ಆದರೆ ಹಿರಿಯರ ಹೆಸರನ್ನಲ್ಲ.

ನಮ್ಮ ನೆರೆಯ ರೈತ ಮನೆತನಗಳಿಗೆ ಈ ವಿಷಯದಲ್ಲಿ ಒಂದು ಆಸರೆಯಿತ್ತು. ಅದು ಹೆಳವರು. ಎತ್ತಿನ ಮೇಲೆ ಕುಳಿತು ಊರೂರು ತಿರುಗಿ, ಮನೆಯ ಮುಂದೆ ನಿಂತು ಆ ಮನೆಯ ತಲೆಮಾರುಗಳನ್ನು ಒಂದೊಂದಾಗಿ ಹೇಳಿ, ಹೊಸದಾಗಿ ಹುಟ್ಟಿದವರನ್ನು ಸೇರಿಸಿಕೊಂಡು, ಕಾಳುಕಡಿ ಪಡೆದು ಮುಂದೆ ಹೋಗುವವರು. ಮನೆಯವರು ಮರೆತ ಊರನ್ನೂ ಅವರು ನೆನಪಿಟ್ಟಿರುತ್ತಾರೆ. 1876ರಿಂದ 78ರ ಭೀಕರ ಬರದಲ್ಲಿ ನಮ್ಮ ಜಿಲ್ಲೆಯ ಎಷ್ಟೋ ಮನೆಗಳು ಊರು ಬಿಟ್ಟವು. ಅಂಥ ಕಾಲದಲ್ಲಿ ಇಂಥವರ ನೆನಪೇ ದಫ್ತರವಾಗಿತ್ತು.

ಇಂಗ್ಲೆಂಡಿನ ಜನ ಇದನ್ನೇ ಬೇರೆ ರೀತಿಯಲ್ಲಿ ಮಾಡಿದರು. ಅಲ್ಲಿ 1538ರಿಂದಲೇ ಚರ್ಚುಗಳು ದೀಕ್ಷಾಸ್ನಾನ, ಮದುವೆ, ದಫನಗಳನ್ನು ಬರೆದಿಡಬೇಕೆಂಬ ಆಜ್ಞೆ ಇತ್ತು. ದಾಖಲೆ ಇತ್ತು, ಓದುವವರಿರಲಿಲ್ಲ. ಕಳೆದ ಶತಮಾನದಲ್ಲಿ ಊರೂರಿನ ಸಾಮಾನ್ಯ ಜನ ಕುಟುಂಬ ಇತಿಹಾಸದ ಸಂಘಗಳನ್ನು ಕಟ್ಟಿಕೊಂಡರು. 1974ರಲ್ಲಿ ಅವೆಲ್ಲ ಸೇರಿ ಒಂದು ಒಕ್ಕೂಟ ಮಾಡಿಕೊಂಡವು. 2019ರಿಂದ ಅದರ ಹೆಸರು ಫ್ಯಾಮಿಲಿ ಹಿಸ್ಟರಿ ಫೆಡರೇಶನ್. ಈ ಒಕ್ಕೂಟ ಯಾರ ವಂಶವನ್ನೂ ತಾನು ಬರೆಯುವುದಿಲ್ಲ. ಆಯಾ ಊರಿನ ಗೋರಿಕಲ್ಲು, ಆಯಾ ಊರಿನ ದಫ್ತರ ಓದುವುದು ಆಯಾ ಸಂಘದ ಕೆಲಸ. ಸಂಘಗಳಿಗೆ ಸಲಹೆ ಕೊಡುವುದು, ಒಬ್ಬರ ಕೆಲಸ ಇನ್ನೊಬ್ಬರಿಗೆ ಸಿಗುವಂತೆ ಮಾಡುವುದು ಒಕ್ಕೂಟದ ಕೆಲಸ. ಹೀಗೆ ಊರೂರಿನವರು ನಕಲು ಮಾಡಿದ ದಫನ ದಾಖಲೆಗಳನ್ನೆಲ್ಲ ಕೂಡಿಸಿ 2001ರಲ್ಲಿ ಇಡೀ ದೇಶದ ಒಂದು ಸೂಚಿಯನ್ನೇ ಹೊರತಂದರು. ಒಂದು ಊರಿನಲ್ಲಿ ಹುಟ್ಟಿ ಇನ್ನೊಂದು ಊರಿನಲ್ಲಿ ಮಣ್ಣಾದವರು ಹೀಗೆ ತಮ್ಮವರಿಗೆ ಮತ್ತೆ ಸಿಕ್ಕರು.

ತಿಕೋಟಾದ ಮತ್ತು ಸೋಲಾಪುರದ ಫೂಫಿಯರ ವಿಷಯದಲ್ಲಿ ನಮಗೆ ಬೇಕಿದ್ದದ್ದು ಇದೇ. ಒಂದು ಮಹಲ್ಲಾದ ದಫ್ತರ ಇನ್ನೊಂದು ಮಹಲ್ಲಾದ ದಫ್ತರದೊಂದಿಗೆ ಮಾತಾಡಬೇಕು.

ನಮ್ಮಲ್ಲಿ ಸಾಮಗ್ರಿ ಇಲ್ಲವೆಂದಲ್ಲ. ನಿಕಾಹ್ ದಫ್ತರದಲ್ಲಿ ವಧೂವರರು, ಅವರ ತಂದೆಯರು, ವಕೀಲ, ಸಾಕ್ಷಿಗಳು, ಮಹ್ರ್ ಎಲ್ಲವೂ ಇರುತ್ತದೆ. ಹಳೆಯ ಸರಕಾರಿ ಶಾಲೆಯ ದಾಖಲಾತಿ ಪುಸ್ತಕದಲ್ಲಿ ಹುಟ್ಟಿದ ತಾರೀಖು ಸಿಗುತ್ತದೆ. ಜನನ ಮರಣ ನೋಂದಣಿಯ ಈಗಿನ ಕಾಯ್ದೆ ಬಂದದ್ದೇ 1969ರಲ್ಲಿ, ಹಾಗಾಗಿ ಅದಕ್ಕಿಂತ ಹಿರಿಯರಿಗೆ ಶಾಲೆಯ ಪುಸ್ತಕವೇ ಎಷ್ಟೋ ಸಲ ಆಧಾರ. ಹುಡುಕುವಾಗ ಊರಿನ ಹಳೆಯ ಗುರುತು ನೆನಪಿರಲಿ. ಈ ನಗರ 2014ರ ನವೆಂಬರ್‌ವರೆಗೆ ಬಿಜಾಪುರ. 1956ರ ಮೊದಲಿನ ಕಾಗದಗಳಲ್ಲಿ ಮುಂಬಯಿ ರಾಜ್ಯ. 1885ಕ್ಕೂ ಮೊದಲು ಜಿಲ್ಲೆಯ ಮುಖ್ಯ ಠಾಣೆ ಕಲಾದಗಿ. ತಿಕೋಟಾ, ಬಬಲೇಶ್ವರಗಳು ಈಚೆಗೆ ತಾಲ್ಲೂಕುಗಳಾದವು, ಹಳೆಯ ಕಾಗದದಲ್ಲಿ ಅವು ಬಿಜಾಪುರ ತಾಲ್ಲೂಕಿನೊಳಗೇ ಇವೆ. ಎಷ್ಟೋ ಕಾಗದಗಳು ಮರಾಠಿಯಲ್ಲಿ, ಮೋಡಿ ಲಿಪಿಯಲ್ಲಿವೆ. ಓದಲು ಬಾರದೆಂದು ರದ್ದಿಗೆ ಹಾಕಬೇಡಿ.

ಒಂದು ಎಚ್ಚರಿಕೆಯೂ ಇದೆ. ಬರೆಯುತ್ತಾ ಬರೆಯುತ್ತಾ ವಂಶವನ್ನು ಯಾವುದೋ ದೊಡ್ಡ ಮನೆತನಕ್ಕೆ ಅಂಟಿಸುವ ಆಸೆ ಹುಟ್ಟುತ್ತದೆ. ಸುಳ್ಳು ವಂಶ ಹೇಳಿಕೊಳ್ಳುವುದು ದೀನಿನಲ್ಲಿ ಕಠಿಣವಾಗಿ ನಿಷಿದ್ಧ. ನಡತೆ ಹಿಂದೆ ಹಾಕಿದವನನ್ನು ವಂಶ ಮುಂದೆ ತರಲಾರದು. ಮೂರು ತಲೆಮಾರು ಮಾತ್ರ ಗೊತ್ತಿದ್ದರೆ ಮೂರೇ ಬರೆಯಿರಿ. ಅಜ್ಜ ಹತ್ತಿ ಹಿಂಜುತ್ತಿದ್ದರೆ ಹಾಗೆಯೇ ಬರೆಯಿರಿ.

ಈಗ ನಾವು ಮಾಡಬಹುದಾದದ್ದು ಇಷ್ಟು. ಪ್ರತಿ ಮಸೀದಿಯ ಕಮಿಟಿ ತನ್ನ ನಿಕಾಹ್ ದಫ್ತರದ ಪುಟಗಳ ಫೋಟೊ ತೆಗೆಸಿ ಎರಡು ಕಡೆ ಇಡಲಿ. ಅದರಲ್ಲಿ ಮನೆಗಳ ಮಾನವಿದೆ, ಆದ್ದರಿಂದ ಕೇಳಿದವರಿಗೆ ಅವರ ಮನೆಯ ಪುಟ ಮಾತ್ರ ತೋರಿಸಲಿ. ಕಬರಸ್ತಾನದಲ್ಲಿ ಓದಲು ಬರುವ ಕಲ್ಲುಗಳನ್ನು ಮಹಲ್ಲಾದ ಹುಡುಗರು ಬರೆದುಕೊಳ್ಳಲಿ. ಪ್ರತಿ ಮನೆಯಲ್ಲಿ ಒಂದು ನೋಟ್‌ಬುಕ್ ಇರಲಿ. ಅದರಲ್ಲಿ ಅಜ್ಜಿಯರ, ಫೂಫಿಯರ, ಖಾಲಾಗಳ ಹೆಸರು, ಅವರನ್ನು ಕೊಟ್ಟ ಊರು, ಅವರ ಮಕ್ಕಳ ಹೆಸರು ತಪ್ಪದೆ ಬರಲಿ. ಸೂರಾ ಅನ್ನಿಸಾ ಹೆಣ್ಣುಮಕ್ಕಳಿಗೆ ನಿಗದಿ ಮಾಡಿದ ಪಾಲನ್ನು ನಾವು ಹಾಳೆಯಲ್ಲಿ ಹೆಸರು ಬಿಟ್ಟು ಅಳಿಸಲಾಗದು.

ಆ ಯುವಕ ಮುಂದಿನ ಭಾನುವಾರ ತಿಕೋಟಾಕ್ಕೆ ಹೋದ. ವಯಸ್ಸಾದ ಫೂಫಿ ತಂಗಿಯ ಹೆಸರು, ಆಕೆಯ ನಾಲ್ವರು ಮಕ್ಕಳ ಹೆಸರು, ಅವರಿರುವ ಓಣಿ ಎಲ್ಲ ಹೇಳಿದರಂತೆ. ಹೇಳುವ ಮೊದಲು, ಇಷ್ಟು ವರ್ಷದ ಮೇಲೆ ತವರಿನಿಂದ ಯಾರೋ ಬಂದು ಕೇಳಿದರಲ್ಲ ಎಂದು ಅತ್ತರಂತೆ. ಅವನು ಹೊಸ ಹಾಳೆ ತಂದು ತೋರಿಸಿದ. ಈ ಸಲ ಅದರಲ್ಲಿ ತಿದ್ದಲು ಏನೂ ಇರಲಿಲ್ಲ.

ಹಕ್ಕುದಾರರ ಹಕ್ಕನ್ನು ಅರಿತು ಸಲ್ಲಿಸುವ ತೌಫೀಕನ್ನು ಅಲ್ಲಾಹನು ನಮಗೆಲ್ಲರಿಗೂ ನೀಡಲಿ. ಆಮೀನ್.