ಥ್ರೆಡ್ ದುರಸ್ತಿ: ಕಾರಿನ ಎಂಜಿನ್ನಿನಲ್ಲಿ

ಎಂಜಿನ್ನಿನ ಲೋಹದೊಳಗೆ ಕೊರೆದ ತಿರುಪಿನ ಸುತ್ತುಗಳು ಸವೆದು, ಹರಿದು ಅಥವಾ ತುಕ್ಕು ತಿಂದು ಬೋಲ್ಟನ್ನು ಹಿಡಿಯದಂತಾದಾಗ, ಅದೇ ತೂತಿನಲ್ಲಿ ಅದೇ ಅಳತೆಯ ಬೋಲ್ಟು ಮತ್ತೆ ಬಿಗಿಯಾಗಿ ಕೂರುವಂತೆ ಮಾಡುವ ಕೆಲಸ. ಗ್ಯಾರೇಜಿನ ಮಾತಿನಲ್ಲಿ ‘ಥ್ರೆಡ್ ಹೋಗಿದೆ’, ‘ಬೋಲ್ಟು ಫ್ರೀ ತಿರುಗ್ತಾ ಇದೆ’. ಬೋಲ್ಟು ಕೆಟ್ಟರೆ ಹೊಸದು ತಂದು ಹಾಕಿದರಾಯಿತು; ಕೆಟ್ಟದ್ದು ತೂತಾದರೆ ಇಡೀ ಸಿಲಿಂಡರ್ ಹೆಡ್ಡನ್ನೋ ಆಯಿಲ್ ಚೇಂಬರನ್ನೋ ಬದಲಿಸಬೇಕಾದೀತೆಂಬ ಭಯ ಹುಟ್ಟುತ್ತದೆ. ಹೆಚ್ಚಿನ ಸಂದರ್ಭಗಳಲ್ಲಿ ಅದರ ಅಗತ್ಯವಿಲ್ಲ. ಸರಿಯಾಗಿ ಮಾಡಿದ ದುರಸ್ತಿ ಅಲ್ಯೂಮಿನಿಯಮ್ಮಿನಲ್ಲಿ ಮೂಲ ಥ್ರೆಡ್ಡಿಗಿಂತಲೂ ಗಟ್ಟಿಯಾಗಿರುತ್ತದೆ.

ಈಚಿನ ಕಾರುಗಳ ಸಿಲಿಂಡರ್ ಹೆಡ್ ಬಹುತೇಕ ಅಲ್ಯೂಮಿನಿಯಮ್ ಮಿಶ್ರಲೋಹದ್ದು, ಬೋಲ್ಟು ಉಕ್ಕಿನದು. ಎಂ8, ಅಂದರೆ 8 ಮಿಲಿಮೀಟರ್ ವ್ಯಾಸದ ಮೆಟ್ರಿಕ್ ಬೋಲ್ಟಿನ ತೂತಿನಲ್ಲಿ ಥ್ರೆಡ್ಡಿನ ಆಳ ಮುಕ್ಕಾಲು ಮಿಲಿಮೀಟರೂ ಇಲ್ಲ. ಭಾರವೂ ಎಲ್ಲ ಸುತ್ತುಗಳ ಮೇಲೆ ಸಮನಾಗಿ ಬೀಳುವುದಿಲ್ಲ: ಮೊದಲ ಸುತ್ತೇ ಸುಮಾರು ಮೂರನೇ ಒಂದು ಭಾಗ ಹೊರುತ್ತದೆ. ಅದು ಹರಿದರೆ ಹೊರೆ ಎರಡನೆಯದಕ್ಕೆ, ಆಮೇಲೆ ಮೂರನೆಯದಕ್ಕೆ ದಾಟುತ್ತದೆ. ಇದರ ಜೊತೆಗೆ ಬಿಸಿಯಾದಾಗ ಅಲ್ಯೂಮಿನಿಯಮ್ ಉಕ್ಕಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ. ಎಂಜಿನ್ ಕಾದಿರುವಾಗಲೇ ಸ್ಪಾರ್ಕ್ ಪ್ಲಗ್ಗು ಬಿಚ್ಚಿದರೆ ಥ್ರೆಡ್ಡೂ ಅದರ ಜೊತೆಗೇ ಹೊರಗೆ ಬರುವುದುಂಟು.

ಆದರೂ ಕೆಡುವುದು ಹೆಚ್ಚಾಗಿ ಕೈಯಿಂದಲೇ. ಟ್ಯಾಪೆಟ್ ಕವರಿನ ಎಂ6 ಬೋಲ್ಟಿಗೆ ಬೇಕಾದ ಬಿಗಿ 10 ನ್ಯೂಟನ್ ಮೀಟರ್ ಆಸುಪಾಸು, ಅಂದರೆ ಅರ್ಧ ಅಡಿ ಉದ್ದದ ಸ್ಪ್ಯಾನರಿನ ತುದಿಗೆ ಏಳು ಕಿಲೋ ತೂಕದಷ್ಟು ಒತ್ತಡ. ಇನ್ನೂ ಸ್ವಲ್ಪ ಇರಲಿ ಎಂದು ಸ್ಪ್ಯಾನರಿಗೆ ಪೈಪು ತೂರಿಸಿ ಎಳೆದವನ ಕೈಗೆ ಬೋಲ್ಟು ಹಗುರಾಗುವುದು ತಕ್ಷಣ ಗೊತ್ತಾಗುತ್ತದೆ. ಬೋಲ್ಟನ್ನು ಬೆರಳಿನಿಂದ ನಾಲ್ಕು ಸುತ್ತು ಹಾಕದೆ, ಮೊದಲಿನಿಂದಲೇ ಸ್ಪ್ಯಾನರ್ ಹಿಡಿದು ಓರೆಯಾಗಿ ಹತ್ತಿಸುವುದು ಇನ್ನೊಂದು ಕಾರಣ.

ಉತ್ತರ ಕನ್ನಡದ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಲ್ಲಿ ಇದಕ್ಕೆ ಇನ್ನೆರಡು ಕಾರಣಗಳು ಸೇರುತ್ತವೆ. ಒಂದು, ಹಳೆಯ ಜೀಪು. ಮಹೀಂದ್ರ ಕಂಪನಿ 1940ರ ದಶಕದ ಕೊನೆಯಲ್ಲಿ ಜೋಡಿಸತೊಡಗಿದ ವಿಲ್ಲಿಸ್ ಜೀಪಿನ ಬೋಲ್ಟುಗಳು ಇಂಚಿನ ಅಳತೆಯವು. ಬಿಎಂಸಿ ಎಂಜಿನ್ನಿನ ಹಳೆಯ ಅಂಬಾಸಿಡರಿನವೂ ಹಾಗೆಯೇ. ಮುಂದೆ ಬಂದ ಪ್ಯೂಜೋ ಡೀಸೆಲ್ ಎಂಜಿನ್ನಿನ ಜೀಪುಗಳು, ಮಾರುತಿಗಳು ಮೆಟ್ರಿಕ್. ಅಡಿಕೆ ತೋಟದ ಮನೆಯ ಕೊಟ್ಟಿಗೆಯಲ್ಲಿ ತಲೆಮಾರುಗಳ ಬೋಲ್ಟುಗಳು ಒಂದೇ ಡಬ್ಬಿಯಲ್ಲಿ ಬಿದ್ದಿರುತ್ತವೆ. 5/16 ಇಂಚಿನ ಬೋಲ್ಟು 7.94 ಮಿಲಿಮೀಟರ್, ಅಂದರೆ ಕಣ್ಣಿಗೆ ಎಂ8 ಇದ್ದಂತೆಯೇ. ಆದರೆ ಒರಟು ಥ್ರೆಡ್ಡಿನ ಇಂಚು ಬೋಲ್ಟಿನಲ್ಲಿ ಸುತ್ತಿನಿಂದ ಸುತ್ತಿಗೆ 1.41 ಮಿಲಿಮೀಟರ್, ಎಂ8ರಲ್ಲಿ 1.25. ಎರಡು ಮೂರು ಸುತ್ತು ಸಲೀಸಾಗಿ ಹೋಗಿ ಆಮೇಲೆ ಬಿಗಿಯಾಗುತ್ತದೆ. ಆ ಬಿಗಿಯನ್ನು ‘ಕೂತಿತು’ ಎಂದುಕೊಂಡು ಎಳೆದರೆ ಅಲ್ಯೂಮಿನಿಯಮ್ ಪುಡಿ ಉದುರುತ್ತದೆ. ಸುತ್ತುಗಳ ನಡುವಿನ ಅಂತರವನ್ನು, ಅಂದರೆ ಪಿಚ್ಚನ್ನು, ಅಳೆಯುವ ಪಿಚ್ ಗೇಜ್ ಎಂಬ ಅಗ್ಗದ ಉಪಕರಣ ಇಟ್ಟುಕೊಂಡರೆ ಈ ಗೊಂದಲವೇ ಇಲ್ಲ; ಇಟ್ಟುಕೊಳ್ಳುವವರು ಕಡಿಮೆ.

ಇನ್ನೊಂದು, ಮಳೆ ಮತ್ತು ಮೈಲುತುತ್ತು. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ, ಮೈಲುತುತ್ತಿನಿಂದ ಮಾಡುವ ಬೋರ್ಡೋ ದ್ರಾವಣವನ್ನು ಕಬ್ಬಿಣದ, ಅಲ್ಯೂಮಿನಿಯಮ್ಮಿನ ಪಾತ್ರೆಯಲ್ಲಿ ಕಲಸಬಾರದೆಂಬುದು ಇಲ್ಲಿನ ಪ್ರತಿ ಬೆಳೆಗಾರನಿಗೂ ಗೊತ್ತು. ತಾಮ್ರದ ಲವಣ ತಾಗಿದ ಅಲ್ಯೂಮಿನಿಯಮ್ ಕೊರೆದುಹೋಗುತ್ತದೆ. ಅದೇ ದ್ರಾವಣದ ಡ್ರಮ್ಮು, ಪಂಪು, ಪೈಪು ಹೊತ್ತ ವಾಹನಕ್ಕೂ ಔಷಧಿ ಹೊಡೆಯುವ ಪಂಪಿನ ಪುಟ್ಟ ಎಂಜಿನ್ನಿಗೂ ಆ ಲೆಕ್ಕ ಅನ್ವಯಿಸುತ್ತದೆಂಬುದು ಮಾತ್ರ ಅಷ್ಟಾಗಿ ನೆನಪಿರುವುದಿಲ್ಲ. ಉಕ್ಕು, ಅಲ್ಯೂಮಿನಿಯಮ್ ಒಂದಕ್ಕೊಂದು ತಾಗಿ ತೇವದಲ್ಲಿದ್ದರೂ ಸಾಕು, ಬೋಲ್ಟಿನ ಸುತ್ತ ಬಿಳಿ ಪುಡಿ ಕಟ್ಟುತ್ತದೆ. ಮಳೆಗಾಲ ಕಳೆದು ಬಿಚ್ಚುವಾಗ ಬೋಲ್ಟು ಒಂದೋ ಮುರಿಯುತ್ತದೆ, ಇಲ್ಲವೇ ಥ್ರೆಡ್ಡನ್ನೇ ಎಳೆದುಕೊಂಡು ಬರುತ್ತದೆ.

ಮೊದಲ ಒಂದೆರಡು ಸುತ್ತು ಮಾತ್ರ ಜಜ್ಜಿದ್ದರೆ ಅದೇ ಅಳತೆಯ ಟ್ಯಾಪನ್ನು (ಥ್ರೆಡ್ ಕೊರೆಯುವ ಉಪಕರಣ) ಎಣ್ಣೆ ಹಾಕಿ ನಿಧಾನ ಇಳಿಸಿದರೆ ಸಾಕು. ತೂತು ಆಳವಾಗಿದ್ದು ಕೆಳಗೆ ಒಳ್ಳೆಯ ಥ್ರೆಡ್ ಉಳಿದಿದ್ದರೆ ಉದ್ದದ ಬೋಲ್ಟು ಹಾಕುವುದೂ ಸರಿಯಾದ ದಾರಿಯೇ. ಟೆಫ್ಲಾನ್ ಟೇಪು ಸುತ್ತುವುದು, ಎಂ-ಸೀಲ್ ಮೆತ್ತುವುದು ದುರಸ್ತಿಯಲ್ಲ, ಊರು ಮುಟ್ಟುವ ಉಪಾಯ.

ಥ್ರೆಡ್ ಪೂರ್ತಿ ಹೋಗಿದ್ದರೆ ಹೀಲಿಕಾಯಿಲ್. ಅಮೆರಿಕದಲ್ಲಿ 1930ರ ದಶಕದಲ್ಲಿ ರೂಪುಗೊಂಡ ಈ ವಿಧಾನ ಎರಡನೇ ಮಹಾಯುದ್ಧದ ಕಾಲದಲ್ಲಿ ವಿಮಾನದ ಎಂಜಿನ್ನುಗಳ ಮೂಲಕ ಹಬ್ಬಿತು. ವಜ್ರಾಕಾರದ ಸೀಳುಮುಖವಿರುವ ಸ್ಟೇನ್‌ಲೆಸ್ ಸ್ಟೀಲ್ ತಂತಿಯನ್ನು ಬಾಲ್ ಪೆನ್ನಿನ ಸ್ಪ್ರಿಂಗಿನಂತೆ ಸುತ್ತಿರುತ್ತಾರೆ. ಅದರ ಹೊರಮೈ ಎಂಜಿನ್ನನ್ನು ಹಿಡಿಯುತ್ತದೆ, ಒಳಮೈ ಬೋಲ್ಟನ್ನು. ಎಂ8ಕ್ಕಾದರೆ ಕೆಟ್ಟ ತೂತನ್ನು 8.3 ಮಿಲಿಮೀಟರಿನ ಬಿಟ್ಟಿನಿಂದ ದೊಡ್ಡದು ಮಾಡಿ, ಕಿಟ್ಟಿನಲ್ಲೇ ಬರುವ ವಿಶೇಷ ಟ್ಯಾಪು ಇಳಿಸಬೇಕು. ಈ ಟ್ಯಾಪಿನ ಹೊರವ್ಯಾಸ ಸುಮಾರು 9.6 ಮಿಲಿಮೀಟರ್, ಪಿಚ್ ಮಾತ್ರ ಅದೇ 1.25. ಆದ್ದರಿಂದ ಅಂಗಡಿಯಲ್ಲಿ ಸಿಗುವ ಎಂ10 ಟ್ಯಾಪು ಇದಕ್ಕೆ ಆಗುವುದಿಲ್ಲ. ಡ್ರಿಲ್ಲು ನೆಟ್ಟಗೆ ಇಳಿಯುವುದೇ ಎಲ್ಲಕ್ಕಿಂತ ಮುಖ್ಯ. ಮಿಕ್ಕ ತಪ್ಪುಗಳನ್ನು ತಿದ್ದಬಹುದು, ಓರೆ ತೂತನ್ನು ತಿದ್ದುವುದು ಕಷ್ಟ. ಟ್ಯಾಪನ್ನು ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ ತಿರುಗಿಸುತ್ತ, ಚೂರು ಒರೆಸುತ್ತ ಇಳಿಸಬೇಕು. ಆಮೇಲೆ ಸುರುಳಿಯನ್ನು ಅದರ ಕೋಲಿಗೆ ಸಿಕ್ಕಿಸಿ, ಮೇಲ್ಮೈಗಿಂತ ಕಾಲರಿಂದ ಅರ್ಧ ಸುತ್ತು ಕೆಳಗೆ ಹೋಗುವವರೆಗೆ ತಿರುಗಿಸಿ, ತಳದ ಅಡ್ಡಕಡ್ಡಿಯನ್ನು ಮುರಿದು ತೆಗೆಯುತ್ತಾರೆ. ಸುರುಳಿ ತೂತಿಗಿಂತ ತುಸು ದಪ್ಪವಾಗಿರುವುದರಿಂದ ತಾನೇ ಹೊರಕ್ಕೆ ಒತ್ತಿಕೊಂಡು ನಿಲ್ಲುತ್ತದೆ, ಅಂಟು ಬೇಡ. ಅಲ್ಯೂಮಿನಿಯಮ್ಮಿನೊಳಗಿನ ಥ್ರೆಡ್ಡಿನ ಸುತ್ತಳತೆ ಹೆಚ್ಚಾಗಿರುತ್ತದೆ, ಬೋಲ್ಟು ಉಜ್ಜುವುದು ಸ್ಟೀಲಿಗೆ. ಗಟ್ಟಿತನ ಹೆಚ್ಚುವುದು ಹೀಗೆ.

ಸ್ಪಾರ್ಕ್ ಪ್ಲಗ್ಗಿನ ತೂತು ಇದೇ ಕೆಲಸದ ನಾಜೂಕಿನ ರೂಪ. 1984ರಿಂದ 2019ರವರೆಗೆ ತಯಾರಾದ ಮಾರುತಿ ಓಮ್ನಿಯ ಎಂಜಿನ್ ಮುಂದಿನ ಸೀಟಿನ ಅಡಿಯಲ್ಲಿದೆ. ಸೀಟೆತ್ತಿ, ಇಕ್ಕಟ್ಟಿನಲ್ಲಿ ಬಗ್ಗಿ ಪ್ಲಗ್ಗು ಹಾಕುವಾಗ ಓರೆಯಾಗುವುದು ಸುಲಭ. ಇಲ್ಲಿ ಅಳತೆ ಎಂ14, ಪಿಚ್ 1.25, ಬಿಗಿ 25ರಿಂದ 30 ನ್ಯೂಟನ್ ಮೀಟರ್. ಹೆಡ್ ಇಳಿಸದೆ ಮಾಡುವಾಗ ಟ್ಯಾಪಿನ ಸಾಲುಗಳಿಗೆ ಗ್ರೀಸ್ ತುಂಬಬೇಕು, ಚೂರು ಅದಕ್ಕೆ ಅಂಟಿ ಮೇಲೆ ಬರಲಿ ಎಂದು. ಅಡ್ಡಕಡ್ಡಿಯನ್ನು ಇಲ್ಲಿ ಬಡಿದು ಮುರಿಯುವಂತಿಲ್ಲ. ಚೂಪುಮೂತಿಯ ಇಕ್ಕಳದಲ್ಲಿ ಹಿಡಿದು ಬಗ್ಗಿಸಿ ತೆಗೆಯಬೇಕು, ಇಲ್ಲವಾದರೆ ಅದು ಸಿಲಿಂಡರಿನೊಳಗೆ ಬೀಳುತ್ತದೆ.

ಆಯಿಲ್ ಚೇಂಬರಿನ ಡ್ರೇನ್ ನಟ್ಟಿನ ಥ್ರೆಡ್ ಹೋಗುವುದು ಪ್ರತಿ ಆಯಿಲ್ ಬದಲಾವಣೆಯಲ್ಲೂ ಅದನ್ನು ಬಿಚ್ಚಿ ಕಟ್ಟುವುದರಿಂದ. ತೊಟ್ಟಿಕ್ಕುವುದನ್ನು ನಿಲ್ಲಿಸಲು ಜನ ಇನ್ನೂ ಬಿಗಿಯುತ್ತಾರೆ. ಬೇಕಾಗಿದ್ದದ್ದು ಹೊಸ ವಾಷರ್. ಅರಬೈಲ್ ಘಟ್ಟದಲ್ಲೋ ದೇವಿಮನೆ ಘಟ್ಟದಲ್ಲೋ ಈ ನಟ್ಟು ಕಳಚಿ ಬಿದ್ದರೆ ಆಯಿಲ್ ಖಾಲಿಯಾಗಿ ಎಂಜಿನ್ ಹಿಡಿದುಕೊಳ್ಳಲು ಹೆಚ್ಚು ಹೊತ್ತು ಬೇಡ. ತಾನೇ ಥ್ರೆಡ್ ಕೊರೆದುಕೊಳ್ಳುವ ದಪ್ಪ ನಟ್ಟುಗಳು ಸಿಗುತ್ತವಾದರೂ ಅವು ಒಂದು ಸಲಕ್ಕೆ ಸರಿ, ಪದೇಪದೇ ಬಿಚ್ಚುವ ಜಾಗಕ್ಕೆ ಹೇಳಿದ್ದಲ್ಲ. ಲೇತ್‌ನಲ್ಲಿ ಒಳಗೂ ಹೊರಗೂ ಥ್ರೆಡ್ ಇರುವ ಬುಷ್ ಮಾಡಿಸಿ ಕೂರಿಸುವುದು ಹೆಚ್ಚು ಬಾಳಿಕೆಯದು. ಬೇಕಾದ ಅಳತೆಯ ಕಿಟ್ ಕೈಗೆ ಸಿಗದ ಕಡೆ ಪ್ಲಗ್ಗಿನ ತೂತಿಗೂ ಇದೇ ಬುಷ್ ಆಗುತ್ತದೆ.

ಹೆಡ್ ಬೋಲ್ಟಿನ ಥ್ರೆಡ್ ಮಾತ್ರ ಬೇರೆಯೇ ಲೆಕ್ಕ. ಹೆಡ್ ಇಳಿಸಿ, ಬ್ಲಾಕಿನ ಮೇಲ್ಮೈ ಉಬ್ಬಿದೆಯೇ ನೋಡಿ, ಬೋಲ್ಟಿನ ವ್ಯಾಸದ ಒಂದೂವರೆಯಿಂದ ಎರಡು ಪಟ್ಟು ಉದ್ದದ ಥ್ರೆಡ್ ಸಿಗುವಂತೆ ಮೆಷಿನ್ನಿನಲ್ಲೇ ಕೊರೆಯಬೇಕು. ಶಿರಸಿಯಿಂದ ಹುಬ್ಬಳ್ಳಿ ಸುಮಾರು 100 ಕಿಲೋಮೀಟರ್. ಬ್ಲಾಕನ್ನು ಅಲ್ಲಿಗೆ ಸಾಗಿಸುವ ಖರ್ಚು ಕೈ ಡ್ರಿಲ್ಲಿನಲ್ಲಿ ಕೆಡಿಸಿದ ಬ್ಲಾಕಿನ ಬೆಲೆಗಿಂತ ಕಡಿಮೆ. ವಾಪಸು ಜೋಡಿಸುವಾಗ ನಡುವಿನ ಬೋಲ್ಟಿನಿಂದ ಹೊರಕ್ಕೆ, ಹಂತ ಹಂತವಾಗಿ, ಟಾರ್ಕ್ ವ್ರೆಂಚಿನಿಂದಲೇ ಬಿಗಿಯಬೇಕು. ಹಿಗ್ಗಿ ಬಿಗಿಯುವ ಬಗೆಯ ಬೋಲ್ಟುಗಳಾದರೆ ಹಳೆಯವನ್ನು ಬಿಸಾಡಿ ಹೊಸವನ್ನೇ ಹಾಕಬೇಕು.