ಇಂಗ್ಲಿಷ್ ಸಾಹಸ ಕಥೆಗಳಲ್ಲಿ ಶ್ರೀರಂಗಪಟ್ಟಣ



ಅಂತರಜಾಲದಲ್ಲಿ ಉಚಿತವಾಗಿ ಸಿಗುವ ಹಳೆಯ ಪುಸ್ತಕವೊಂದರ ಕೆಲವು ಪುಟಗಳನ್ನು ಒಬ್ಬ ಹುಡುಗ ನನ್ನ ಮುಂದಿಟ್ಟು, “ಸರ್, ಇದು ಇತಿಹಾಸವೇ?” ಎಂದು ಕೇಳಿದ. ಅದು ಜಿ.ಎ. ಹೆಂಟಿ ಬರೆದ 1896ರ ‘ದಿ ಟೈಗರ್ ಆಫ್ ಮೈಸೂರ್’.

ಹೆಂಟಿ ಇಂಗ್ಲೆಂಡಿನ ಬಾಲಕರಿಗಾಗಿ ಇಂತಹ ಹತ್ತಾರು ಸಾಹಸ ಕಥೆಗಳನ್ನು ಬರೆದವನು. ಡಿಕ್ ಹಾಲೆಂಡ್ ಎಂಬ ಹುಡುಗ ಟಿಪ್ಪುವಿನ ಸೆರೆಯಲ್ಲಿರುವ ತಂದೆಯನ್ನು ಹುಡುಕುತ್ತಾ ಸಮುದ್ರ ದಾಟಿ ಬರುತ್ತಾನೆ, ವೇಷ ಮರೆಸಿಕೊಂಡು ಮೈಸೂರು ಸೀಮೆಯಲ್ಲಿ ತಿರುಗುತ್ತಾನೆ, ಕೊನೆಗೆ ತಂದೆಯನ್ನು ಬಿಡಿಸುತ್ತಾನೆ. ರೋಚಕವಾಗಿದೆ, ಸುಳ್ಳೇಕೆ ಹೇಳಲಿ, ನಾನೂ ಒಂದೇ ಉಸಿರಿಗೆ ಓದಿದೆ. ಆದರೆ ಅಲ್ಲಿನ ಟಿಪ್ಪು ಬರೀ ಕ್ರೂರಿ.

ಸೆರೆಯಾಳುಗಳ ಸಂಗತಿ ಕಟ್ಟುಕಥೆಯಲ್ಲ ಎಂಬುದು ನಿಮಗೆ ತಿಳಿದಿರಲಿ. 1780ರ ಪೊಳ್ಳಿಲೂರು ಯುದ್ಧದಲ್ಲಿ ಸಿಕ್ಕಿಬಿದ್ದ ಕರ್ನಲ್ ಬೈಲಿ 1782ರಲ್ಲಿ ಶ್ರೀರಂಗಪಟ್ಟಣದ ಸೆರೆಯಲ್ಲಿಯೇ ತೀರಿಕೊಂಡ. ಹುಡುಗನಾಗಿದ್ದಾಗಲೇ ಸೆರೆ ಸಿಕ್ಕ ಜೇಮ್ಸ್ ಸ್ಕರಿ ಹತ್ತು ವರ್ಷ ಕಷ್ಟಪಟ್ಟ. ಅವನ ವೃತ್ತಾಂತ 1824ರಲ್ಲಿ ಅಚ್ಚಾಯಿತು. ನಾವು ಇದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ವ್ಯಾಪಾರಕ್ಕೆ ಬಂದ ಕಂಪನಿಗೆ ಕೋಟೆ ಮುತ್ತುವ ಕೆಲಸವೇನಿತ್ತು ಎಂದು ಇಂತಹ ಕಥೆಗಳು ಕೇಳುವುದು ಅಪರೂಪ.

ಹೆಂಟಿಗಿಂತ ಮೊದಲೂ ಬರೆದವರಿದ್ದರು. 1827ರಲ್ಲಿ ‘ದಿ ಸರ್ಜನ್ಸ್ ಡಾಟರ್’ ಬರೆದು ಹೈದರಾಲಿಯನ್ನು ಪಾತ್ರವಾಗಿಸಿದ ಸರ್ ವಾಲ್ಟರ್ ಸ್ಕಾಟ್ ಭಾರತವನ್ನು ಕಣ್ಣಾರೆ ಕಂಡವನಲ್ಲ. ಮೆಡೋಸ್ ಟೇಲರ್ ಹಾಗಲ್ಲ. ನಿಜಾಮರ ಸೇವೆಯಲ್ಲಿದ್ದು, ಮುಂದೆ ನಮ್ಮ ಸುರಪುರದ ಆಡಳಿತವನ್ನೂ ನೋಡಿಕೊಂಡವನು. 1840ರ ಅವನ ‘ಟಿಪ್ಪೂ ಸುಲ್ತಾನ್’ ಕಾದಂಬರಿಯಲ್ಲಿ ಇಂಗ್ಲಿಷ್ ಅಧಿಕಾರಿಯ ಜೊತೆಗೆ ಕಾಸಿಂ ಅಲಿ ಎಂಬ ದಖ್ಖನಿನ ಯುವಕನೂ ನಾಯಕನೇ. ಇದ್ದು ಬಾಳಿದವನಿಗೂ ಕೇಳಿ ಬರೆದವನಿಗೂ ಇರುವ ಅಂತರ ಇದು.

ಈ ಪರಂಪರೆ ಇನ್ನೂ ನಿಂತಿಲ್ಲ. ಬರ್ನಾರ್ಡ್ ಕಾರ್ನ್‌ವೆಲ್ 1997ರ ‘ಶಾರ್ಪ್ಸ್ ಟೈಗರ್’ನಲ್ಲಿ ಟಿಪ್ಪುವನ್ನು ತನ್ನ ಕಥಾನಾಯಕನ ಕೈಯಲ್ಲೇ ಕೊಲ್ಲಿಸುತ್ತಾನೆ. ವಾಸ್ತವವಾಗಿ 1799ರ ಮೇ 4ರಂದು ಸುಲ್ತಾನನನ್ನು ಕೊಂದ ಸಿಪಾಯಿ ಯಾರೆಂದು ಗೊತ್ತಾಗಲೇ ಇಲ್ಲ.

ಹುಡುಗನಿಗೆ ನಾನು ಇನ್ನೊಂದು ಪುಸ್ತಕದ ವಿಷಯ ಹೇಳಿದೆ. ಟಿಪ್ಪುವಿನ ಗ್ರಂಥಾಲಯದಲ್ಲಿ ದೊರೆತ ಸುಮಾರು 2000 ಸಂಪುಟಗಳ ಬಗ್ಗೆ ಚಾರ್ಲ್ಸ್ ಸ್ಟುವರ್ಟ್ ಎಂಬ ಇಂಗ್ಲಿಷ್ ವಿದ್ವಾಂಸನೇ 1809ರಲ್ಲಿ ವಿವರಣಾತ್ಮಕ ಪಟ್ಟಿಯನ್ನು ಅಚ್ಚು ಹಾಕಿಸಿದ. ಅರಬಿ, ಫಾರಸಿ ಗ್ರಂಥಗಳು. ಹದೀಸ್, ಸೂಫಿ ತತ್ವ, ಇತಿಹಾಸ, ಕಾವ್ಯ, ವೈದ್ಯ ಎಲ್ಲವೂ ಅದರಲ್ಲಿವೆ.

“ಆ ಪುಸ್ತಕಗಳೆಲ್ಲ ಈಗ ಎಲ್ಲಿವೆ ಸರ್?” ಎಂದ.

ಕಲ್ಕತ್ತೆಗೆ ಹೋದವು, ಲಂಡನ್ನಿಗೆ ಹೋದವು ಎಂದೆ.